ಸಳನ ಕಿವಿ ನೋಡಿದ್ದೀರಾ?

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಕೇಳಿಸುತ್ತಿದೆಯಾ? ಸರಿ.

ಸಂಘದವರು ನನಗೆ ಕೊಟ್ಟ ವಿಷಯ ‘ಆಭರಣಗಳ ಇತಿಹಾಸ’. ಹರಪ್ಪದಿಂದ ಹಾಲ್‌ಮಾರ್ಕ್‌ವರೆಗೆ ಅಂತ ಕಾರ್ಡಿನಲ್ಲಿ ಬೇರೆ ಹಾಕಿಬಿಟ್ಟಿದ್ದಾರೆ. ಸಮಯ ನಲವತ್ತು ನಿಮಿಷ. ನಮ್ಮ ಮನೆಯಲ್ಲಿ ಹಳೇ ಓಲೆಯ ಬಿಗಿದುಕೊಂಡ ತಿರುಪು ಬಿಚ್ಚುವುದಕ್ಕೇ ಅಷ್ಟು ಹೊತ್ತು ಬೇಕು. ಅದಕ್ಕೆ ಸರ, ಬಳೆ, ಡಾಬು, ಕಾಲಂದುಗೆ ಎಲ್ಲ ಪಕ್ಕಕ್ಕಿಟ್ಟು ಬರೀ ಕಿವಿಯ ಮಾತಾಡುತ್ತೇನೆ.

ಇದಕ್ಕೊಂದು ಕಾರಣವೂ ಇದೆ. ಹೋದ ತಿಂಗಳು ಒಂದು ಕಾಲೇಜಿನಲ್ಲಿ, ಹೆಸರು ಬೇಡ, ಒಬ್ಬ ಹುಡುಗನನ್ನು ಕ್ಲಾಸಿನಿಂದ ಆಚೆ ಕಳಿಸಿದರು. ಕಿವಿಗೆ ಒಂದು ಸಣ್ಣ ಬೆಳ್ಳಿ ರಿಂಗ್ ಹಾಕಿದ್ದ, ಅಷ್ಟೇ. ‘ಇದೇನೋ ಹುಡುಗಿ ಥರ? ನಮ್ಮ ಸಂಸ್ಕೃತಿನಾ ಇದು?’ ಅಂತ ಮೇಷ್ಟ್ರು ಕೇಳಿದರಂತೆ. ಹುಡುಗಿ ಥರ ಅಂದಿದ್ದನ್ನು ಹೇಗೋ ನುಂಗಿಕೊಳ್ಳಬಹುದು. ಸಂಸ್ಕೃತಿ ಅಂದರಲ್ಲ, ಅದು ನನಗೆ ತಡೆಯಲಿಲ್ಲ. ಯಾಕೆಂದರೆ ಆ ಕಾಲೇಜಿನ ವಾರ್ಷಿಕ ಸಂಚಿಕೆಯ ಮುಖಪುಟದಲ್ಲಿ ಪ್ರತಿ ವರ್ಷ ಹೊಯ್ಸಳ ಲಾಂಛನ ಇರುತ್ತದೆ. ಸಳ ಹುಲಿಯನ್ನು ಹೊಡೆಯುತ್ತಿರುವ ಚಿತ್ರ. ಅದು ಹುಲಿಯೋ ಸಿಂಹವೋ ಅನ್ನುವ ಜಗಳ ಇವತ್ತು ಬೇಡ. ಪ್ರಾಣಿಯನ್ನು ಬಿಟ್ಟು ಮನುಷ್ಯನ ಕಿವಿ ನೋಡಿ. ಜೀವ ಹೋಗುವ ಹೊತ್ತಿನಲ್ಲೂ ಓಲೆ ಬಿಚ್ಚಿಟ್ಟು ಬಂದಿಲ್ಲ ಅವನು.

ಬೇಲೂರಿಗೆ ನೀವೆಲ್ಲ ಹೋಗಿಯೇ ಇರುತ್ತೀರಿ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ದೇವಸ್ಥಾನ. ಗೈಡ್ ಮದನಿಕೆಯರನ್ನು ತೋರಿಸುತ್ತಾನೆ, ಕನ್ನಡಿ ಹಿಡಿದವಳು, ಗಿಳಿ ಹಿಡಿದವಳು, ಒಳಗೊಬ್ಬಳ ಕೈಬಳೆ ತಿರುಗುತ್ತದೆ ಅಂತ ಕಥೆ ಹೇಳುತ್ತಾನೆ, ನಾವು ಬಾಯಿ ಬಿಟ್ಟು ಮೇಲೆ ನೋಡುತ್ತೇವೆ, ಕತ್ತು ನೋವು ಬರುತ್ತದೆ, ಹೊರಗೆ ಬಂದು ಎಳನೀರು ಕುಡಿದು ಹಳೇಬೀಡಿನ ಬಸ್ಸು ಹತ್ತುತ್ತೇವೆ. ಮುಂದಿನ ಸಲ ಹೋದಾಗ ಒಂದು ಕೆಲಸ ಮಾಡಿ. ಬಾಗಿಲ ಪಕ್ಕ ನಿಂತ ದ್ವಾರಪಾಲಕನ ಹತ್ತಿರ ಹೋಗಿ, ಕಿವಿಯನ್ನಷ್ಟೇ ನೋಡಿ. ಬಳಪದ ಕಲ್ಲು ಅದು, ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಆಮೇಲೆ ಗಾಳಿಗೆ ಗಟ್ಟಿಯಾಗುತ್ತದೆ. ಅದಕ್ಕೇ ಅಷ್ಟು ಸಣ್ಣ ಕೆಲಸ ಸಾಧ್ಯವಾಯಿತು. ಓಲೆಯ ಭಾರಕ್ಕೆ ಕಿವಿಯ ಹಾಲೆ ಇಳಿಬಿದ್ದಿರುವುದನ್ನೂ ಶಿಲ್ಪಿ ಕೆತ್ತಿದ್ದಾನೆ. ಅವನೇನು ಕಲ್ಪನೆಯಿಂದ ಕೆತ್ತಲಿಲ್ಲ. ಬೀದಿಯಲ್ಲಿ ದಿನಾ ನೋಡುತ್ತಿದ್ದ ಕಿವಿಗಳು ಅವು. ಗಂಡಸರ ಕಿವಿಗಳೂ.

ನನ್ನ ವಾದ ಇಷ್ಟೇ. ಓಲೆ ಹೆಂಗಸರದು ಅನ್ನುವುದು ಮೊನ್ನೆ ಮೊನ್ನೆಯ ಮಾತು. ಇದನ್ನು ಇವತ್ತು ನಾಲ್ಕೈದು ಸಲ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ.

ಕಲ್ಲನ್ನು ನಂಬಲ್ಲ ಅನ್ನುವವರಿಗೆ ಕಣ್ಣಾರೆ ಕಂಡವರ ಸಾಕ್ಷಿ ಇದೆ. ಅಬ್ದುಲ್ ರಜಾಕ್ ಅಂತ, ಈಗಿನ ಅಫ್ಘಾನಿಸ್ತಾನದ ಹೆರಾತಿನಲ್ಲಿ ಆಳುತ್ತಿದ್ದ ಶಾರುಖನ ರಾಯಭಾರಿ, 1443ರಲ್ಲಿ ವಿಜಯನಗರಕ್ಕೆ ಬಂದ. ಎರಡನೇ ದೇವರಾಯನ ಕಾಲ. ಊರಿನ ಏಳು ಸುತ್ತಿನ ಕೋಟೆ ನೋಡಿ ಬೆರಗಾದ, ಅದು ಶಾಲೆಯ ಪುಸ್ತಕದಲ್ಲಿದೆ. ಪುಸ್ತಕದಲ್ಲಿ ಇಲ್ಲದ್ದು ಏನೆಂದರೆ, ಈ ಊರಲ್ಲಿ ದೊಡ್ಡವರು ಚಿಕ್ಕವರು ಎನ್ನದೆ ಎಲ್ಲರೂ, ಬಜಾರಿನ ಕೈಕೆಲಸದವರವರೆಗೂ, ಕಿವಿಗೆ ಕತ್ತಿಗೆ ತೋಳಿಗೆ ಒಡವೆ ಹಾಕುತ್ತಾರೆ ಅಂತ ಅವನು ಬರೆದಿಟ್ಟಿದ್ದಾನೆ. ಹೆಂಗಸರು ಮಾತ್ರ ಅಂತ ಅನ್ನಲಿಲ್ಲ.

ಇನ್ನೂ ಒಂದು ಇದೆ, ನನಗೆ ತುಂಬ ಇಷ್ಟ. ಜಹಾಂಗೀರ್ ಬಾದಶಹ 1614ರಲ್ಲಿ ಕಿವಿ ಚುಚ್ಚಿಸಿಕೊಂಡ. ಕಾಯಿಲೆ ಬಿದ್ದಿದ್ದವನು ಹುಷಾರಾದ, ಅದು ಅಜ್ಮೀರದ ಖ್ವಾಜಾ ಸಾಹೇಬರ ಕೃಪೆ ಅಂದುಕೊಂಡ, ಅವರ ಸೇವಕ ಅಂತ ತೋರಿಸಲಿಕ್ಕೆ ಎರಡೂ ಕಿವಿಗೆ ಮುತ್ತು ಹಾಕಿಸಿಕೊಂಡ. ಬಾದಶಹ ಚುಚ್ಚಿಸಿಕೊಂಡ ಮೇಲೆ ಆಸ್ಥಾನದವರು ಬಿಡುತ್ತಾರಾ? ಸಾಲಾಗಿ ಚುಚ್ಚಿಸಿಕೊಂಡರು, ಅವನೇ ಅವರಿಗೆ ಮುತ್ತು ಕೊಟ್ಟ. ಸಾಹೇಬರು ಯಾವ ಕಲರ್ ಶರ್ಟ್ ಹಾಕಿದರೆ ಆಫೀಸೆಲ್ಲ ಅದೇ ಕಲರ್ ಆಗುವುದು ಇವತ್ತಿನದಲ್ಲ.

ಕೋಟು ಹೊಲಿಸಿಕೊಳ್ಳುವುದನ್ನು ನಮಗೆ ಕಲಿಸಿದ ಇಂಗ್ಲಿಷರೇನು ಕಡಿಮೆಯಾ? ಅವರ ರಾಜ ಒಂದನೇ ಚಾರ್ಲ್ಸ್. 1649ರಲ್ಲಿ ಅವನ ತಲೆ ಕಡಿದರು. ಕಡಿಸಿಕೊಳ್ಳಲು ಹೋಗುವಾಗಲೂ ಎಡಗಿವಿಯಲ್ಲಿ ದೊಡ್ಡ ಮುತ್ತಿನ ಓಲೆ ಇತ್ತು. ಆಮೇಲೆ ಅವರು ಬಿಟ್ಟರು. ನಾವು ಅವರನ್ನು ನೋಡಿ ಬಿಟ್ಟೆವು. ಈಗ ನಮ್ಮ ಮೇಷ್ಟ್ರು ಅದನ್ನೇ ನಮ್ಮ ಸಂಸ್ಕೃತಿ ಅನ್ನುತ್ತಿದ್ದಾರೆ!

ಸಾಮಾನ್ಯವಾಗಿ ಇಲ್ಲಿ ಯಾರಾದರೂ, ‘ಸಾರ್, ಸನ್ಯಾಸಿಗಳು ಹಾಕುತ್ತಿರಲಿಲ್ಲವಲ್ಲ’ ಅಂತ ಕೇಳುತ್ತಾರೆ. ಅದಕ್ಕೂ ಎರಡು ಉತ್ತರ ಇದೆ. ಶ್ರವಣಬೆಳಗೊಳದ ಗೊಮ್ಮಟ, 981, ಚಾವುಂಡರಾಯ ಮಾಡಿಸಿದ್ದು. ಮೈಮೇಲೆ ಒಂದೆಳೆ ನೂಲಿಲ್ಲ, ಆದರೆ ಕಿವಿಯ ಹಾಲೆ ಉದ್ದಕ್ಕೆ ಇಳಿದಿದೆ. ಬುದ್ಧನದೂ ಹಾಗೇ. ರಾಜಕುಮಾರರಾಗಿದ್ದಾಗ ಹಾಕಿದ ಭಾರ ಅದು ಅಂತ ತಿಳಿದವರು ಹೇಳುತ್ತಾರೆ. ಒಡವೆ ಬಿಟ್ಟರು, ಕಿವಿ ಉಳಿಯಿತು. ಇನ್ನು ನಾಥಪಂಥದ ಜೋಗಿಗಳು ಬಿಡುವುದಿರಲಿ, ದೀಕ್ಷೆಯಲ್ಲೇ ಕಿವಿಯ ನಡು ಸೀಳಿ ದಪ್ಪ ಕುಂಡಲ ಹಾಕುತ್ತಾರೆ. ಮಂಗಳೂರಿನ ಕದ್ರಿ ಬೆಟ್ಟದ ಮೇಲೆ ಅವರ ಮಠ ಇವತ್ತೂ ಇದೆ. ಹಾಲೆಗೆ ಚುಚ್ಚಿದರೇ ನಾವು ಊರು ಕೇಳುವ ಹಾಗೆ ಕೂಗುತ್ತೇವೆ.

ಶಿವನನ್ನೂ ಬಿಡುವುದು ಬೇಡ. ಚೋಳರ ಕಂಚಿನ ನಟರಾಜನನ್ನು ಮ್ಯೂಸಿಯಮ್ಮಿನಲ್ಲಿ ನೋಡಿದರೆ ಅವನ ಎರಡು ಕಿವಿ ಒಂದೇ ಥರ ಇರಲ್ಲ. ಬಲಕ್ಕೆ ಗಂಡಸಿನ ಮಕರ ಕುಂಡಲ, ಎಡಕ್ಕೆ ಹೆಂಗಸಿನ ದುಂಡನೆ ಓಲೆ. ಗಂಡಿನದೊಂದು ಮಾದರಿ, ಹೆಣ್ಣಿನದೊಂದು ಮಾದರಿ ಇತ್ತು ಅನ್ನುವುದು ನಿಜ. ಗಂಡಿಗೆ ಬೋಳು ಕಿವಿ ಅಂತ ಮಾತ್ರ ಇರಲಿಲ್ಲ.

ಹಾಗಾದರೆ ನಮ್ಮ ಗಂಡಸರ ಕಿವಿ ಯಾವಾಗ ಖಾಲಿಯಾಯಿತು? ನಮ್ಮ ಮುತ್ತಾತಂದಿರ ತನಕ ಇತ್ತಲ್ಲ, ಹಳೇ ಮೈಸೂರು ಕಡೆ ಹತ್ತಕಡಕು, ಕರಾವಳಿಯಲ್ಲಿ ಒಂಟಿ, ಉತ್ತರ ಕರ್ನಾಟಕದಲ್ಲಿ ಮುತ್ತಿನ ಚೌಕಳಿ. ಕ್ರಾಪು ಬಂತು, ಶರ್ಟು ಬಂತು, ಗುಮಾಸ್ತೆ ಕೆಲಸ ಬಂತು, ಪೇಟದ ಜೊತೆ ಕಡಕೂ ಹೋಯಿತು ಅಂತ ಎಲ್ಲರೂ ಹೇಳುತ್ತಾರೆ. ಅದು ಅರ್ಧ ಸತ್ಯ. ಇನ್ನರ್ಧಕ್ಕೆ ನಮ್ಮ ತಾತನ ಕಥೆ ಹೇಳಬೇಕು. ನನ್ನ ಭಾಷಣ ಮೊದಲೇ ಕೇಳಿದವರು ಈಗ ಎದ್ದು ಕಾಫಿಗೆ ಹೋಗಬಹುದು.

1963. ಹಿಂದಿನ ವರ್ಷ ಚೀನಾ ಯುದ್ಧ ಆಗಿತ್ತು. ಜನವರಿಯಲ್ಲಿ ಮೊರಾರ್ಜಿ ದೇಸಾಯಿ, ಆಗ ಅವರು ಹಣಕಾಸು ಮಂತ್ರಿ, ಚಿನ್ನ ನಿಯಂತ್ರಣದ ಆಜ್ಞೆ ತಂದರು. ಇನ್ನು ಮುಂದೆ ಹದಿನಾಲ್ಕು ಕ್ಯಾರಟ್ಟಿಗಿಂತ ಹೆಚ್ಚಿನ ಒಡವೆ ಮಾಡುವಂತಿಲ್ಲ. ಅಂದರೆ ನೂರಕ್ಕೆ ಐವತ್ತೆಂಟು ಪಾಲು ಚಿನ್ನ, ಮಿಕ್ಕಿದ್ದು ತಾಮ್ರವೋ ಬೆಳ್ಳಿಯೋ. ಅತ್ತ ಕೋಲಾರದಲ್ಲಿ ಚಿನ್ನ ತೆಗೆಯುತ್ತಲೇ ಇದ್ದಾರೆ, ಇತ್ತ ಅಕ್ಕಸಾಲಿಗರ ಒಲೆ ಆರಿತು. ಎಷ್ಟೋ ಮನೆ ಮುಳುಗಿದವು. ನಮ್ಮೂರಿನ ಆಚಾರ್ರು ಅದೇ ಜಗಲಿಯ ಮೇಲೆ ಸೈಕಲ್ ಪಂಕ್ಚರ್ ಅಂಗಡಿ ಇಟ್ಟರು. ಗುಲಗಂಜಿ ತೂಗುತ್ತಿದ್ದ ಕೈ ಟ್ಯೂಬಿಗೆ ಪ್ಯಾಚ್ ಹಚ್ಚುತ್ತಿತ್ತು.

ಅದೇ ಬೇಸಿಗೆಯಲ್ಲಿ ನಮ್ಮ ಅತ್ತೆಯ ಮದುವೆ. ಬೀಗರು ಜುಮುಕಿ ಕೇಳಿದ್ದರು. ಮನೆಯಲ್ಲಿ ಚಿನ್ನ ಅಂತ ಇದ್ದಿದ್ದು ಅಜ್ಜಿಯ ತಾಳಿ ಗುಂಡು, ತಾತನ ಉಂಗುರ, ತಾತನ ಕಿವಿಯ ಹತ್ತಕಡಕು. ತಾತ ಪಂಕ್ಚರ್ ಅಂಗಡಿಗೆ ಹೋದರು. ಅಜ್ಜಿ ನೂರು ಸಲ ಹೇಳಿದ ಮಾತುಕತೆ ಇದು, ಅವರ ಬಾಯಲ್ಲೇ ಕೇಳಬೇಕಿತ್ತು ನೀವು.

‘ಹದಿನಾಲ್ಕರಲ್ಲಿ ಮಾಡಿದರೆ ತಾಮ್ರಕ್ಕೆ ಅರಿಶಿನ ಬಳಿದಂಗೆ, ಗೌಡ್ರೇ. ಮಗು ಕಿವಿ ಕಪ್ಪಾದರೆ ಬೀಗರು ನನ್ನ ಹೆಸರು ಹೇಳ್ತಾರೆ.’

‘ಇಪ್ಪತ್ತೆರಡರಲ್ಲಿ ಮಾಡು ಮತ್ತೆ.’

‘ಆಗ ಪೊಲೀಸ್ನೋರು ನನ್ನ ಹೆಸರು ಹೇಳ್ತಾರೆ.’

ಕೊನೆಗೆ ಕೆಲಸ ನಡೆದಿದ್ದು ನಮ್ಮ ದನದ ಕೊಟ್ಟಿಗೆಯಲ್ಲಿ, ರಾತ್ರಿ. ಬುಡ್ಡಿ ದೀಪ, ಒಂದು ಮಡಕೆ ಚೂರಿನಲ್ಲಿ ಇದ್ದಿಲು, ಊದುಗೊಳವೆ. ಆದರೆ ಕಡಕು ಕಿವಿಯಿಂದ ಬರಲೇ ಇಲ್ಲ. ಹುಡುಗನಾಗಿದ್ದಾಗ ಹಾಕಿದ್ದು, ಸುತ್ತ ಮಾಂಸ ಬೆಳೆದುಬಿಟ್ಟಿತ್ತು. ಕೊಬ್ಬರಿ ಎಣ್ಣೆ ಹಚ್ಚಿದರು, ಸೋಪು ಹಚ್ಚಿದರು, ತಾತ ಬೈದರು, ಆಚಾರ್ರು ವಾಪಸ್ ಬೈದರು, ಹಸು ಎದ್ದು ನಿಂತಿತು. ಕೊನೆಗೆ ಸೈಕಲ್ ರಿಪೇರಿಯ ಕಟಿಂಗ್ ಪ್ಲೇಯರ್ ತಂದು ಕತ್ತರಿಸಿದರು. ಮೂರು ರಾತ್ರಿ ಕೆಲಸ. ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಅಂತ ಗಾದೆ ಇದೆಯಲ್ಲ, ತಾತ ಮೂರು ರಾತ್ರಿಯೂ ಮುಂದೆಯೇ ಕೂತಿದ್ದರಂತೆ. ಎರಡನೇ ರಾತ್ರಿಯಿಂದ ಕೂತಲ್ಲೇ ಗೊರಕೆ. ಚಿನ್ನ ಮಾತ್ರ ಒಂದು ಗುಲಗಂಜಿಯೂ ಕಡಿಮೆಯಾಗಲಿಲ್ಲ. ಆ ಜುಮುಕಿ ಈಗಲೂ ಅತ್ತೆಯ ಹತ್ತಿರ ಇದೆ. ಗುಮ್ಮಟದ ಅಂಚಿನ ಗುಂಡುಗಳಲ್ಲಿ ಎರಡು ಸ್ವಲ್ಪ ಸೊಟ್ಟ. ಬುಡ್ಡಿ ದೀಪದ ಬೆಳಕು, ಇನ್ನೇನಾಗುತ್ತದೆ.

ಹೀಗೆ ಹೋಯಿತು ನಮ್ಮ ಮನೆಯ ಗಂಡಸರ ಓಲೆ. ಹೆಂಗಸರದು ಅಂತ ನಾಚಿಕೆಪಟ್ಟು ತಾತ ತೆಗೆದಿಡಲಿಲ್ಲ, ಮಗಳ ಕಿವಿಗೆ ಕೊಟ್ಟರು, ಅಷ್ಟೇ. ತೂತು ಮುಚ್ಚಬಾರದು ಅಂತ ತುಂಬ ದಿನ ಪೊರಕೆ ಕಡ್ಡಿ ಸಿಕ್ಕಿಸಿಕೊಂಡಿದ್ದರಂತೆ, ಬೆಳೆ ಬಂದ ಮೇಲೆ ಮತ್ತೆ ಮಾಡಿಸೋಣ ಅಂತ. ಮಾಡಿಸಲಿಲ್ಲ. ಬೆಂಗಳೂರಿನಲ್ಲಿ ಓದಿದ ತಮ್ಮನ ಮಗ ಬಂದವನು, ‘ದೊಡ್ಡಪ್ಪ, ಈಗ ಡೀಸೆಂಟಾಗಿ ಕಾಣ್ತೀರಿ’ ಅಂದನಂತೆ.

ಹದಿನಾಲ್ಕರ ಕಟ್ಟು ಕೆಲವು ವರ್ಷದಲ್ಲಿ ಸಡಿಲವಾಯಿತು. ಆದರೆ 1968ರಲ್ಲಿ ಪೂರ್ತಿ ಕಾಯಿದೆಯೇ ಬಂತು, ಅದು ರದ್ದಾಗಿದ್ದು 1990ರಲ್ಲಿ. ಅಷ್ಟು ಹೊತ್ತಿಗೆ ನಮ್ಮ ಆಚಾರ್ರ ಮಕ್ಕಳು ಯಾರೂ ಊದುಗೊಳವೆ ಹಿಡಿಯುವವರಾಗಿರಲಿಲ್ಲ. ಕೋಲಾರದ ಗಣಿಯೂ 2001ರಲ್ಲಿ ಮುಚ್ಚಿತು. ಈಗ ರಾಜ್ಯದಲ್ಲಿ ನಡೆಯುತ್ತಿರುವುದು ರಾಯಚೂರಿನ ಹಟ್ಟಿ.

ಚೀಟಿ ಬಂತು. ಹತ್ತು ನಿಮಿಷವಂತೆ. ಹೆಣ್ಣುಮಕ್ಕಳ ಓಲೆಗೆ ಇನ್ನೂ ಬಂದೇ ಇಲ್ಲ ನಾನು! ಬೆಂಡೋಲೆ, ಬುಗುಡಿ, ಕರ್ಣಪತ್ರ, ಲೋಲಾಕು, ಜುಮುಕಿಯ ಭಾರ ತಡೆಯಲು ಕೂದಲಿಗೆ ಸಿಕ್ಕಿಸುವ ಮಾಟಿ, ಏನೂ ಇಲ್ಲದವರು ತಾಳೆಗರಿ ಸುತ್ತಿ ಸಿಗಿಸುತ್ತಿದ್ದುದು, ಎಲ್ಲ ಬರೆದುಕೊಂಡು ಬಂದಿದ್ದೆ. ಒಂದೇ ಮಾತು ಹೇಳಿ ಮುಂದೆ ಹೋಗುತ್ತೇನೆ. ಕರ್ನಾಟಕದಲ್ಲಿ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳ ಸಮ ಪಾಲು ಅಂತ ಕಾನೂನು ಆಗಿದ್ದು 1994ರಲ್ಲಿ, ಇಡೀ ದೇಶಕ್ಕೆ 2005ರಲ್ಲಿ. ಅದಕ್ಕೆ ಮುಂಚೆ ಹೊಲ ಅಣ್ಣತಮ್ಮಂದಿರಿಗೆ, ಅವಳಿಗೆ ಮೈಮೇಲಿನದು. ಕಷ್ಟ ಬಂದಾಗ ಬಳೆ ಗಿರವಿಗೆ ಹೋಗುತ್ತದೆ, ಆಮೇಲೆ ಸರ, ಕಟ್ಟಕಡೆಗೆ ಓಲೆ. ಹೆಂಗಸರಿಗೆ ಚಿನ್ನದ ಹುಚ್ಚು ಅಂತ ಜೋಕು ಮಾಡುವವರು ಮೊದಲು ಅವಳ ಹೆಸರಿನಲ್ಲಿ ಪಹಣಿ ಇದೆಯಾ ನೋಡಲಿ.

ಮತ್ತೆ ನನ್ನ ಹಳೇ ವಾದಕ್ಕೆ, ಇದು ಕೊನೆಯ ಸಲ. ಸೋದರಮಾವನ ತೊಡೆ ಮೇಲೆ ಕೂರಿಸಿ, ಸುಣ್ಣದ ಚುಕ್ಕೆ ಇಟ್ಟು, ಚಿನ್ನದ ತಂತಿಯಲ್ಲಿ ಚುಚ್ಚಿ, ಬಾಯಿಗೆ ಬೆಲ್ಲ ಹಾಕುತ್ತೇವಲ್ಲ, ಅದು ಹೆಣ್ಣು ಮಗುವಿಗೆ ಮಾತ್ರನಾ? ಎಷ್ಟೋ ಮನೆಗಳಲ್ಲಿ ಗಂಡು ಮಗುವಿಗೂ ಮಾಡುತ್ತಾರೆ. ಶಾಲೆಗೆ ಸೇರಿಸುವಾಗ ಬಿಚ್ಚುತ್ತಾರೆ. ಈ ಹಾಲಿನಲ್ಲಿರುವ ಗಂಡಸರು ಒಂದು ಸಲ ನಿಮ್ಮ ಕಿವಿ ಮುಟ್ಟಿ ನೋಡಿಕೊಳ್ಳಿ. ನೋಡಿ, ಮೂರನೇ ಸಾಲಿನಲ್ಲಿ ಇಬ್ಬರು ನಗುತ್ತಿದ್ದಾರೆ. ಸಿಕ್ಕಿತು ಅಂತ ಕಾಣುತ್ತದೆ ಚುಕ್ಕೆ.

ಹರಪ್ಪ ಬಿಟ್ಟೇಹೋಯಿತು, ಕ್ಷಮಿಸಿ. ರೋಮಿನ ಹಳೇ ಕಾಲದ ಲೇಖಕ ಪ್ಲಿನಿ, ನಮ್ಮ ದುಡ್ಡೆಲ್ಲ ಪ್ರತಿ ವರ್ಷ ಇಂಡಿಯಾಕ್ಕೆ ಹರಿದುಹೋಗುತ್ತಿದೆ ಅಂತ ಅತ್ತಿದ್ದೂ, ಚಿತ್ರದುರ್ಗದ ಹತ್ತಿರ ಚಂದ್ರವಳ್ಳಿಯಲ್ಲಿ ರೋಮನ್ ನಾಣ್ಯ ಸಿಕ್ಕಿದ್ದೂ ಇನ್ನೊಂದು ಸಲ ಕರೆದರೆ ಹೇಳುತ್ತೇನೆ.

ಹಾಲ್‌ಮಾರ್ಕ್ ಮಾತ್ರ ಹೇಳಿಯೇ ಇಳಿಯುತ್ತೇನೆ, ಕಾರ್ಡಿನಲ್ಲಿ ಹಾಕಿದ್ದಾರಲ್ಲ. 2021ರ ಜೂನ್‌ನಿಂದ ಹಂತ ಹಂತವಾಗಿ ಕಡ್ಡಾಯವಾಗಿದೆ. 22 ಕ್ಯಾರಟ್ಟಿಗೆ 916 ಅಂತ ಇರುತ್ತದೆ, ಜೊತೆಗೆ ಅಕ್ಷರ ಅಂಕಿ ಸೇರಿ ಆರರ ಒಂದು ನಂಬರು. ಅದನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಬಹುದು. ಆದರೆ ಎರಡು ಗ್ರಾಮಿಗಿಂತ ಕಡಿಮೆ ತೂಕದ ಒಡವೆಗೆ ಇದು ಕಡ್ಡಾಯ ಇಲ್ಲ. ಮಗುವಿನ ಮೊದಲ ಓಲೆ ಸಾಮಾನ್ಯವಾಗಿ ಅಷ್ಟರೊಳಗೇ ಇರುತ್ತದೆ, ಅಲ್ವಾ? ಅದಕ್ಕೆ ಅಂಥದ್ದು ಕೊಳ್ಳುವಾಗ ಬಿಲ್ಲಿನಲ್ಲಿ ಎಷ್ಟು ಕ್ಯಾರಟ್ ಅಂತ ಬರೆಸಿಕೊಳ್ಳಿ. ಹರಳು ಇದ್ದರೆ ಅದರ ತೂಕ ಬೇರೆ, ಚಿನ್ನದ ತೂಕ ಬೇರೆ ಬರೆಸಿ. ಅಜ್ಜಿಯ ಕಾಲದ ಒಡವೆ ಮಾರುವವರಿದ್ದರೆ ಒಳಗೆ ಅರಗು ತುಂಬಿದೆಯಾ ಅಂತ ಮನೆಯಲ್ಲೇ ಕೇಳಿ ತಿಳಿದುಕೊಂಡು ಹೋಗಿ. ಅಂಗಡಿಯಲ್ಲಿ ಕರಗಿಸಿದ ಮೇಲೆ ತೂಕ ಕಡಿಮೆ ಬಂತು ಅಂತ ಜಗಳ ಆಡಿದರೆ ಪ್ರಯೋಜನ ಇಲ್ಲ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಪ್ರಶ್ನೆ ಇರುವವರು ಊಟದ ಸಾಲಿನಲ್ಲಿ ಹಿಡಿದುಕೊಳ್ಳಿ ನನ್ನನ್ನು. ಬುಗುಡಿ ಬಗ್ಗೆ ಕೇಳುವವರಿದ್ದರೆ ಪಾಯಸ ಬರುವ ತನಕ ಹೇಳುತ್ತೇನೆ. ನಮಸ್ಕಾರ.