ತನಗೆ ತಾನೇ ಮಣ್ಣು ಮಾಡಿದವನು

ನಮಸ್ಕಾರ, ಎಲ್ಲರೂ ಹೇಗಿದ್ದೀರಾ? ಹೊರಗೆ ಮಳೆ ಹಿಡಿದುಕೊಂಡಿದೆ, ಹಿಂದೆ ಸದ್ದು ಕೇಳಿಸಿದರೆ ಅದೇ. ಕಿಟಕಿ ಮುಚ್ಚೋಣ ಅಂತ ಎದ್ದವಳು ಹಾಗೇ ಬಿಟ್ಟು ಬಂದೆ. ಇವತ್ತಿನ ಮಾತಿಗೆ ಮಳೆ ಇದ್ದರೇ ಚೆನ್ನ ಅನ್ನಿಸಿತು. ಯಾಕೆಂದರೆ ನಾನು ಹೇಳಹೊರಟಿರುವುದು ಕೆಸರು, ಪಾಚಿ, ಬೇರುಗಳಿಂದಲೇ ಆದ ಒಬ್ಬನ ಬಗ್ಗೆ. ಅಮೆರಿಕದ ಕಾಮಿಕ್ಸ್‌ನ ಸ್ವಾಂಪ್ ಥಿಂಗ್, ಅಂದರೆ ಜೌಗಿನ ಜೀವಿ.

ಮೇಜಿನ ಮೇಲೆ ಇವನ ಪುಸ್ತಕಗಳನ್ನೆಲ್ಲಾ ಹರಡಿದ್ದೇನೆ, ನೋಡಿ. ಎಲ್ಲದರಲ್ಲೂ ಅದೇ ಹಸಿರು ಮೈ, ಅದೇ ಕೆಂಪು ಕಣ್ಣು. ಆದರೆ ಆ ಮೈಯೊಳಗೆ ಇರುವವನು ಮಾತ್ರ ಪ್ರತಿ ಸಲ ಬೇರೆ. ಒಳಗೆ ಮನುಷ್ಯ ಇದ್ದಾನಾ, ಇಲ್ವಾ? ಐವತ್ತು ವರ್ಷದಿಂದ ಬರೆಯುವವರೆಲ್ಲಾ ಇದೊಂದೇ ಪ್ರಶ್ನೆಯ ಸುತ್ತ ಓಡಾಡಿದ್ದಾರೆ. ನನಗೆ ಇವನು ಇಷ್ಟು ಇಷ್ಟವಾಗುವುದೂ ಅದಕ್ಕೇ.

ಶುರುವಾಗಿದ್ದು 1971ರಲ್ಲಿ. ಅಮೆರಿಕದ ಡಿಸಿ ಕಾಮಿಕ್ಸ್‌ನ ಹೌಸ್ ಆಫ್ ಸೀಕ್ರೆಟ್ಸ್, 92ನೇ ಸಂಚಿಕೆ. ಬರೆದವರು ಲೆನ್ ವೀನ್, ಚಿತ್ರ ಬರ್ನಿ ರೈಟ್ಸನ್. ಅಲ್ಲಿನ ಕಾಮಿಕ್ಸ್‌ಗೆ 1954ರಿಂದ ಒಂದು ಕಟ್ಟುನಿಟ್ಟಿನ ನಿಯಮಾವಳಿ ಇತ್ತು, ಭಯಾನಕ ಕಥೆಗಳಿಗೆ ಅದರಿಂದ ಕೈಕಾಲು ಕಟ್ಟಿದ ಹಾಗೆ ಆಗಿತ್ತು. 1971ರಲ್ಲಿ ಅದು ಸ್ವಲ್ಪ ಸಡಿಲವಾಯಿತು. ರಾಕ್ಷಸರಿಗೆ ಮತ್ತೆ ಬಾಗಿಲು ತೆರೆಯಿತು.

ಆ ಮೊದಲ ಕಥೆ ತೀರಾ ಚಿಕ್ಕದು. ಅಲೆಕ್ಸ್ ಓಲ್ಸನ್ ಅನ್ನುವ ವಿಜ್ಞಾನಿ, ಅವನ ಹೆಂಡತಿ ಲಿಂಡಾ, ಇಬ್ಬರಿಗೂ ಬೇಕಾದ ಗೆಳೆಯ ಡೇಮಿಯನ್. ಆ ಗೆಳೆಯನೇ ಅಲೆಕ್ಸ್‌ನನ್ನು ಮುಗಿಸುತ್ತಾನೆ, ಲಿಂಡಾಳನ್ನು ಮದುವೆಯಾಗುತ್ತಾನೆ, ಕೊನೆಗೆ ಅವಳಿಗೆ ಅನುಮಾನ ಬಂದಿದೆ ಅಂತ ಅವಳನ್ನೂ ಕೊಲ್ಲಲು ಹೊರಡುತ್ತಾನೆ. ಆಗ ಜೌಗಿನಿಂದ ಎದ್ದು ಬಂದ ಆಕೃತಿ ಅವನನ್ನು ಕೊಲ್ಲುತ್ತದೆ. ಲಿಂಡಾ ಬದುಕುತ್ತಾಳೆ. ಆದರೆ ಎದುರು ನಿಂತವನು ತನ್ನ ಗಂಡ ಅಂತ ಅವಳಿಗೆ ಗೊತ್ತೇ ಆಗುವುದಿಲ್ಲ. ಹೇಳೋಣ ಅಂದರೆ ಅವನಿಗೆ ಬಾಯಿ ಬರುವುದಿಲ್ಲ. ಅವಳು ಹೆದರಿದ್ದನ್ನು ನೋಡಿ ಸುಮ್ನೆ ತಿರುಗಿ ಕೆಸರಿಗೇ ಹೊರಟು ಹೋಗುತ್ತಾನೆ. ಅಷ್ಟೇ ಕಥೆ. ಆ ಬೆನ್ನನ್ನು ಎಷ್ಟು ಸಲ ನೋಡಿದರೂ ಹೊಟ್ಟೆಯಲ್ಲಿ ಏನೋ ಆಗುತ್ತದೆ.

ಓದುಗರು ಇನ್ನೂ ಬೇಕು ಅಂದರು. 1972ರಲ್ಲಿ ಅದೇ ವೀನ್, ಅದೇ ರೈಟ್ಸನ್ ಇವನಿಗೇ ಅಂತ ಒಂದು ಸರಣಿ ಶುರುಮಾಡಿದರು. ಹಳೇ ಕಾಲದಲ್ಲಿದ್ದ ಕಥೆ ಈ ಕಾಲಕ್ಕೆ ಬಂತು, ಜಾಗ ಲೂಸಿಯಾನಾ, ಹೆಸರು ಅಲೆಕ್ ಹಾಲೆಂಡ್. ಅಲೆಕ್, ಲಿಂಡಾ ಇಬ್ಬರೂ ವಿಜ್ಞಾನಿಗಳು, ಜೌಗಿನ ಪಕ್ಕದ ಒಂದು ಕೊಟ್ಟಿಗೆಯನ್ನೇ ಪ್ರಯೋಗಾಲಯ ಮಾಡಿಕೊಂಡು, ಮರಳುಗಾಡಲ್ಲೂ ಗಿಡ ಬೆಳೆಸುವ ಔಷಧ ಕಂಡುಹಿಡಿಯುತ್ತಿರುತ್ತಾರೆ. ಆಗದವರು ಬಾಂಬ್ ಇಡುತ್ತಾರೆ. ಮೈಗೆಲ್ಲಾ ಆ ಔಷಧ, ಮೇಲೆ ಬೆಂಕಿ, ಅಲೆಕ್ ಓಡಿ ನೀರಿಗೆ ಬೀಳುತ್ತಾನೆ. ಆಮೇಲೆ ಮೇಲೆದ್ದು ಬಂದದ್ದು ಈ ಹಸಿರು ಮೈ.

ಇಲ್ಲಿ ಪ್ರಶ್ನೆಗೆ ಉತ್ತರ ನೇರ. ಒಳಗೆ ಮನುಷ್ಯ ಇದ್ದಾನೆ, ಸಿಕ್ಕಿಹಾಕಿಕೊಂಡಿದ್ದಾನೆ, ಹೊರಗೆ ಬರಬೇಕು. ಎರಡನೇ ಸಂಚಿಕೆಯಲ್ಲೇ ಆರ್ಕೇನ್ ಅನ್ನುವ ಮುದಿ ಮಂತ್ರವಾದಿ ಇವನಿಗೆ ಮನುಷ್ಯರೂಪ ವಾಪಸ್ ಕೊಡುತ್ತಾನೆ. ಕೈ, ಮುಖ, ಚರ್ಮ, ಎಲ್ಲಾ ಸಿಕ್ಕಿತು! ಆದರೆ ಆರ್ಕೇನ್‌ನ ದುರುದ್ದೇಶ ತಿಳಿದ ಮೇಲೆ ಅಲೆಕ್ ಆ ಮಾಟವನ್ನು ಕೈಯಾರೆ ಒಡೆದು ಮತ್ತೆ ಕೆಸರಿನವನಾಗುತ್ತಾನೆ. ಹೀರೋ ಅಂದರೆ ಇವನು ಅಂತ ನನಗೆ ಅನ್ನಿಸಿದ್ದು ಅಲ್ಲೇ. ರೈಟ್ಸನ್ ಹತ್ತು ಸಂಚಿಕೆಗೆ ಚಿತ್ರ ಬರೆದು ಸರಣಿ ಬಿಟ್ಟರು. ಆ ಹತ್ತರಲ್ಲಿ ಒಂದೊಂದು ಬೇರನ್ನೂ, ಬೆನ್ನಿನಿಂದ ಇಳಿಯುವ ನೀರನ್ನೂ ಮಸಿಯಲ್ಲಿ ಎಷ್ಟು ಕಾಳಜಿಯಿಂದ ಎಳೆದಿದ್ದಾರೆ ಅಂದರೆ, ಪುಟ ಮುಟ್ಟಿದರೆ ಕೈ ಒದ್ದೆಯಾಗುತ್ತೇನೋ ಅನ್ನಿಸುತ್ತದೆ. 1976ಕ್ಕೆ ಸರಣಿ ನಿಂತಿತು.

1982ರಲ್ಲಿ ವೆಸ್ ಕ್ರೇವನ್ ನಿರ್ದೇಶನದಲ್ಲಿ ಸಿನಿಮಾ ಬಂತು. ರಬ್ಬರ್ ಪೋಷಾಕಿನೊಳಗೆ ಡಿಕ್ ಡ್ಯುರಾಕ್. 1989ರ ಎರಡನೇ ಸಿನಿಮಾದಲ್ಲೂ, ಆಮೇಲೆ ಟಿವಿ ಸರಣಿಯಲ್ಲೂ ಅವರೇ. ಮೊಣಕೈ ಹತ್ತಿರ ಪೋಷಾಕು ಮಡಿಕೆ ಬೀಳುವುದು ಕಾಣುತ್ತದೆ, ಆದರೂ ಅಷ್ಟು ಭಾರ ಹೊತ್ತು ಅವರು ತಲೆ ಬಗ್ಗಿಸಿ ನೋಡುವ ರೀತಿಯಲ್ಲಿ ಒಂದು ಮರ್ಯಾದೆ ಇದೆ. ಸಿನಿಮಾ ಬರುವ ಹೊತ್ತಿಗೆ ಕಾಮಿಕ್ಸ್ ಕೂಡ ಮತ್ತೆ ಶುರುವಾಗಿತ್ತು. ಅದರಿಂದ ಆದ ದೊಡ್ಡ ಲಾಭ ಮುಂದಿನದು.

ಇಂಗ್ಲೆಂಡಿನ ಆಲನ್ ಮೂರ್. ಇವರನ್ನು ಫೋನ್ ಮಾಡಿ ಕರೆದದ್ದು ಯಾರು ಗೊತ್ತಾ? ಆಗ ಸಂಪಾದಕರಾಗಿದ್ದ ಲೆನ್ ವೀನ್. ತಾನು ಹುಟ್ಟಿಸಿದ ಕೂಸನ್ನು ಇನ್ನೊಬ್ಬರ ಕೈಗೆ ಕೊಟ್ಟರು, ಆ ಇನ್ನೊಬ್ಬರು ಬಂದವರೇ ಬುಡವನ್ನೇ ಅಲುಗಾಡಿಸಿದರು. 1984ರ 21ನೇ ಸಂಚಿಕೆ. ಚಿತ್ರ ಸ್ಟೀಫನ್ ಬಿಸೆಟ್, ಜಾನ್ ಟೋಟಲ್‌ಬೆನ್.

ಇದನ್ನು ನಿಧಾನವಾಗಿ ಹೇಳುತ್ತೇನೆ. ಸ್ವಾಂಪ್ ಥಿಂಗ್ ಗುಂಡೇಟಿಗೆ ಬಿದ್ದಿದ್ದಾನೆ. ದೇಹವನ್ನು ಒಂದು ಕಂಪನಿಯ ಕಟ್ಟಡದಲ್ಲಿ ಹಿಮದ ಹಾಗೆ ಗಟ್ಟಿ ಮಾಡಿ ಇಟ್ಟಿದ್ದಾರೆ. ವುಡ್ರೂ ಅನ್ನುವ ವಿಜ್ಞಾನಿ ಅದನ್ನು ಕೊಯ್ದು ನೋಡುತ್ತಾನೆ. ಒಳಗೆ ಶ್ವಾಸಕೋಶದ ಹಾಗೆ ಕಾಣುವ ವಸ್ತು ಇದೆ, ಉಸಿರಾಡಲು ಬರುವುದಿಲ್ಲ. ಮೆದುಳಿನ ಹಾಗೆ ಇದೆ, ಅದರಿಂದ ಯೋಚನೆ ಮಾಡಲು ಸಾಧ್ಯವೇ ಇಲ್ಲ. ಎಲ್ಲಾ ಸೊಪ್ಪು, ನಾರು. ಯಾಕೆ ಹೀಗೆ? ವುಡ್ರೂಗೆ ಉತ್ತರ ಸಿಗುವುದು ಪ್ಲನೇರಿಯನ್ ಅನ್ನುವ ಚಪ್ಪಟೆ ಹುಳುಗಳ ಪ್ರಯೋಗದಲ್ಲಿ. ದಾರಿ ಕಲಿತ ಹುಳುವನ್ನು ಕತ್ತರಿಸಿ ಬೇರೆ ಹುಳುಗಳಿಗೆ ತಿನ್ನಿಸಿದರೆ ಅವಕ್ಕೂ ಆ ದಾರಿ ಗೊತ್ತಾಗುತ್ತದೆ ಅಂತ 1960ರ ದಶಕದಲ್ಲಿ ಕೆಲವು ವಿಜ್ಞಾನಿಗಳು ಹೇಳಿದ್ದರು. ಬೇರೆಯವರು ಮಾಡಿ ನೋಡಿದಾಗ ಅದು ಸರಿಯಾಗಿ ನಿಲ್ಲಲಿಲ್ಲ, ಅದು ಬೇರೆ ಮಾತು. ಆದರೆ ಕಥೆಗೆ ಅದು ಕೀಲಿಕೈ. ಅಲೆಕ್ ಹಾಲೆಂಡ್ ಆ ರಾತ್ರಿ ನೀರಲ್ಲೇ ಸತ್ತ. ಔಷಧ ಮೆತ್ತಿದ ಅವನ ದೇಹವನ್ನು ಜೌಗಿನ ಗಿಡಗಳು ತಿಂದವು. ಅವನ ನೆನಪನ್ನೂ ತಿಂದವು. ಆ ಗಿಡಗಳೇ ತಮ್ಮನ್ನು ಅಲೆಕ್ ಅಂದುಕೊಂಡು ಎದ್ದು ನಿಂತವು.

ಅಂದರೆ ಇಷ್ಟು ವರ್ಷ ಅವನು ಹುಡುಕಿದ ಮದ್ದು ಇರಲೇ ಇಲ್ಲ. ವಾಪಸ್ ಹೋಗಲು ಮನುಷ್ಯನೇ ಇರಲಿಲ್ಲ.

ನಾನು ಇದನ್ನು ಮೊದಲು ಓದಿದಾಗ ಕೋಪ ಬಂದಿತ್ತು, ನಿಜವಾಗಿ. ಪಾಪ, ಅವನ ಕೊನೆಯ ಆಸೆಯನ್ನೂ ಕಿತ್ತುಕೊಂಡರಲ್ಲಾ ಅಂತ. ಸಮಾಧಾನ ಆಗಿದ್ದು 28ನೇ ಸಂಚಿಕೆಗೆ ಬಂದ ಮೇಲೆ. ಶಾನ್ ಮೆಕ್‌ಮ್ಯಾನಸ್ ಚಿತ್ರಿಸಿದ್ದು. ಅದರಲ್ಲಿ ಸತ್ತ ಅಲೆಕ್‌ನ ನೆರಳು ಇವನ ಹಿಂದೆ ಸುತ್ತುತ್ತಿರುತ್ತದೆ. ಇವನು ನೀರಿಗೆ ಇಳಿಯುತ್ತಾನೆ. ತಳದ ಕೆಸರಿಗೆ ಆ ದೊಡ್ಡ ಹಸಿರು ಕೈ ಹಾಕಿ ತಡಕಾಡುತ್ತಾನೆ. ಮೂಳೆಗಳು ಸಿಗುತ್ತವೆ. ಅವನ್ನು ಮೇಲೆ ತಂದು, ಗುಂಡಿ ತೋಡಿ, ಮಣ್ಣು ಮಾಡುತ್ತಾನೆ.

ನಮ್ಮ ಕಡೆ ಸಾವಿನ ಮನೆಗೆ ಹೋದವರು 'ಮಣ್ಣಿಗೆ ಹೋಗಿದ್ದೆ' ಅನ್ನುತ್ತಾರೆ. ನಮ್ಮ ತಾತ ಹೋದಾಗ ನಾನು ಚಿಕ್ಕವಳು, ಬಂದವರೆಲ್ಲಾ 'ಮಣ್ಣು ಎಷ್ಟು ಹೊತ್ತಿಗೆ?' ಅಂತ ಕೇಳುತ್ತಿದ್ದರು, ನನ್ನ ಕೈಗೂ ಒಂದು ಹಿಡಿ ಕೊಟ್ಟು ಹಾಕು ಮಗಾ ಅಂದರು. ಒದ್ದೆ ಕೆಂಪು ಮಣ್ಣು, ಅಂಗೈಗೆ ಅಂಟಿಕೊಂಡಿತ್ತು, ಎಷ್ಟು ಕೊಡವಿದರೂ ಬೀಳಲಿಲ್ಲ. ಈ ಪುಟಗಳನ್ನು ನೋಡಿದಾಗ ಆ ಅಂಗೈ ನೆನಪಾಯಿತು. ಮಣ್ಣಿನಿಂದಲೇ ಆದವನೊಬ್ಬ, ತಾನು ಅಂದುಕೊಂಡಿದ್ದ ಮನುಷ್ಯನಿಗೆ ಮಣ್ಣು ಕೊಡುತ್ತಿದ್ದಾನೆ. ಅದಾದ ಮೇಲೇ ಅವನು ಹಗುರಾದದ್ದು. ಆ ಆರ್ಕೇನ್‌ನ ಸೋದರನ ಮಗಳು ಆಬಿಯನ್ನು ಪ್ರೀತಿಸುತ್ತಾನೆ, ತನ್ನಂಥ ಹಿಂದಿನವರೆಲ್ಲಾ ಮರಗಳಾಗಿ ನಿಂತಿರುವ ಕಾಡಿಗೆ ಹೋಗುತ್ತಾನೆ, ಎಲ್ಲಿ ಹಸಿರಿದೆಯೋ ಅಲ್ಲಿ ಹೊಸ ಮೈ ಬೆಳೆಸಿಕೊಂಡು ಏಳುತ್ತಾನೆ.

ಇಷ್ಟು ಗಟ್ಟಿ ಉತ್ತರ ಬಂದ ಮೇಲೆ ಮುಂದಿನವರು ಏನು ಮಾಡಬೇಕು ಹೇಳಿ. 2011ರಲ್ಲಿ ಸ್ಕಾಟ್ ಸ್ನೈಡರ್ ಅದನ್ನು ತಿರುಗಿಸಿ ಹಾಕಿದರು. ನಿಜವಾದ ಅಲೆಕ್ ಹಾಲೆಂಡ್ ಬದುಕಿ ಬಂದಿದ್ದಾನೆ, ಕಟ್ಟಡ ಕೆಲಸ ಮಾಡಿಕೊಂಡಿದ್ದಾನೆ, ತಾನು ಎಂದೂ ಆಗಿರದ ರಾಕ್ಷಸನ ನೆನಪುಗಳು ಅವನ ತಲೆಯಲ್ಲಿವೆ. ಮರಗಳು ಬಾ ಅಂತ ಕರೆಯುತ್ತವೆ, ಅವನು ಒಲ್ಲೆ ಅನ್ನುತ್ತಾನೆ. ಕೊನೆಗೆ ತಾನಾಗಿ ಒಪ್ಪಿ ಆ ಮೈ ತೊಡುತ್ತಾನೆ. ಯಾನಿಕ್ ಪಾಕೆಟ್ ಚಿತ್ರದ ಚೌಕಟ್ಟುಗಳನ್ನೇ ಬಳ್ಳಿಗಳಲ್ಲಿ ಹೆಣೆದಿದ್ದಾರೆ, ನೋಡಲು ಹಬ್ಬ. ಆದರೆ ನನ್ನ ಮನಸ್ಸು ಅಷ್ಟು ಕರಗಲಿಲ್ಲ. ಯುದ್ಧ ಜಾಸ್ತಿಯಾಯಿತು ಅನ್ನಿಸಿತು.

2019ರ ವೆಬ್ ಸರಣಿಯ ಬಗ್ಗೆ ಮಾತ್ರ ನನಗೆ ಇನ್ನೂ ಬೇಜಾರಿದೆ. ಡೆರೆಕ್ ಮಿಯರ್ಸ್ ಆ ಪೋಷಾಕಿನಲ್ಲಿ ಅದ್ಭುತ. ಮೂರ್ ಕಥೆಯ ಆ ಕೊಯ್ದು ನೋಡುವ ಭಾಗವನ್ನೂ ತಂದರು. ಮೊದಲ ಕಂತು ಬಂದು ಒಂದು ವಾರವೂ ಆಗಿರಲಿಲ್ಲ, ಸರಣಿ ರದ್ದಾದ ಸುದ್ದಿ ಬಂತು. ಹತ್ತು ಕಂತಿಗೆ ಮುಗಿಯಿತು.

ಈಗ ಕೈಯಲ್ಲಿರುವುದು 2021ರದ್ದು. ಬರೆದವರು ಮುಂಬೈನಿಂದ ಬಂದ ರಾಮ್ ವಿ, ಚಿತ್ರ ಮೈಕ್ ಪರ್ಕಿನ್ಸ್. ಒಟ್ಟು 16 ಸಂಚಿಕೆ. ಇಲ್ಲಿ ಸ್ವಾಂಪ್ ಥಿಂಗ್ ಆಗುವವನು ಲೀವೈ ಕಾಮೈ, ನಮ್ಮ ದೇಶದವನು, ಅಸ್ಸಾಮಿನ ಕಾಜಿರಂಗದವನು. ನ್ಯೂಯಾರ್ಕ್‌ನಲ್ಲಿ ಇರುತ್ತಾನೆ. ಊರಿನ ಜೌಗು ಭೂಮಿಯ ಮೇಲೆ ಒಂದು ಕಂಪನಿಯ ಕಣ್ಣು, ಅದರ ವಿಷಯದಲ್ಲಿ ಅಣ್ಣತಮ್ಮಂದಿರ ನಡುವೆ ಬಿರುಕು. ಎಷ್ಟು ಪರಿಚಿತ ಅಲ್ವಾ ಇದು? ಊರಿಗೆ ಹೋಗಿ ಬಂದವನ ಮೈಯಲ್ಲಿ ಅಲ್ಲಿನ ಏನೋ ಒಂದು ಸೇರಿಕೊಂಡು ಬಂದಿರುತ್ತದೆ. ಮೊದಮೊದಲು ಅವನಿಗೆ ಕೆಟ್ಟ ಕನಸು ಅನ್ನಿಸುತ್ತದೆ.

ಹಾಲೆಂಡ್‌ಗೆ ಇಲ್ಲದ್ದು ಇವನಿಗೆ ಇದೆ. ಇವನು ಮತ್ತೆ ಮನುಷ್ಯನಾಗಬಲ್ಲ. ಹಸಿರಾಗಿ ಹೋಗಿ, ವಾಪಸ್ ಬಂದು, ತನ್ನ ಕೋಣೆಯಲ್ಲಿ ಏಳಬಲ್ಲ. ಆದರೆ ಪ್ರತಿ ಸಲ ಏನನ್ನೋ ಹೊತ್ತುಕೊಂಡೇ ಬರುತ್ತಾನೆ. ಹಬ್ಬಕ್ಕೆ ಊರಿಗೆ ಹೋಗಿ ಸೋಮವಾರ ಬೆಳಿಗ್ಗೆ ಬೆಂಗಳೂರಿನ ಬಸ್ಸಿನಿಂದ ಇಳಿದಾಗ, ಬ್ಯಾಗಿನ ತುಂಬ ಕಾಯಿ, ಉಪ್ಪಿನಕಾಯಿ, ಚಪ್ಪಲಿಯ ಅಡಿಯಲ್ಲಿ ತೋಟದ ಕೆಸರು ಇನ್ನೂ ಒಣಗದೆ ಇರುತ್ತದಲ್ಲಾ, ನಾನು ಈ ಪುಸ್ತಕ ಓದಿದ್ದು ಅಂಥದೇ ಒಂದು ಸೋಮವಾರ. ಚಪ್ಪಲಿಯನ್ನು ಬಾಗಿಲ ಹತ್ತಿರವೇ ಬಿಟ್ಟು, ತೊಳೆಯದೆ, ಕೂತು ಕೊನೆಯವರೆಗೂ ಓದಿದೆ.