18 ಜನರ ತಂಡದಲ್ಲಿ ನಿಮ್ಮ ಮಗಳಿಗೆ ಜಾಗ ಎಲ್ಲಿದೆ?

ಎಲ್ಲರಿಗೂ ನಮಸ್ಕಾರ. ಮಗಳ ಕ್ಲಬ್ ವಾಲಿಬಾಲ್‌ಗಾಗಿ ವಾರಾಂತ್ಯವೆಲ್ಲ ಅಮೆರಿಕದ ಊರೂರು ಸುತ್ತುವ ಅಪ್ಪ ಅಮ್ಮಂದಿರು ಈ ಕನ್ನಡ ಕೂಟದಲ್ಲೇ ಎಷ್ಟೋ ಜನ ಇದ್ದೀರಿ. ಹಿಂದಿನ ಸಾಲಲ್ಲಿ ಚೆಂಡು ಕಾಯುವ ಲಿಬೆರೊ ಯಾರು, ಹೊಡೆಯುವವರಿಗೆ ಚೆಂಡು ಎತ್ತಿಕೊಡುವ ಸೆಟ್ಟರ್ ಯಾರು ಅಂತ ನಿಮಗೆ ಹೇಳಬೇಕಾಗಿಲ್ಲ. ನಾನು ಹೇಳಲು ಬಂದಿರುವುದು ಒಂದೇ ಮಾತು: ಕಾಲೇಜು ತಂಡದಲ್ಲಿ ತಲೆ ಎಣಿಸಬೇಡಿ, ಸ್ಥಾನ ಎಣಿಸಿ.

2025ರ ಜೂನ್ 6ರಂದು ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್, ಕಾಲೇಜು ಕ್ರೀಡೆ ನಡೆಸುವ ಎನ್‌ಸಿಎಎ ಮೇಲೆ ಆಟಗಾರರು ಹೂಡಿದ್ದ ದಾವೆಯ ರಾಜಿಗೆ, ಅಂದರೆ ಹೌಸ್ ಒಪ್ಪಂದಕ್ಕೆ, ಒಪ್ಪಿಗೆ ಕೊಟ್ಟರಲ್ಲ, ಆಗ ಎಲ್ಲರೂ ಮಾತಾಡಿದ್ದು ಆಟಗಾರರಿಗೆ ಸಿಗುವ ದುಡ್ಡಿನ ಬಗ್ಗೆ. ನಮ್ಮ ಮನೆಗಳಿಗೆ ತಟ್ಟಿದ್ದು ಬೇರೆ. ಒಪ್ಪಂದಕ್ಕೆ ಸೇರಿದ ಕಾಲೇಜುಗಳಲ್ಲಿ, ಕಾಲೇಜು ಕ್ರೀಡೆಯ ಮೇಲಿನ ಹಂತವಾದ ಡಿವಿಜನ್ ಒಂದರ ಮಹಿಳಾ ವಾಲಿಬಾಲ್‌ಗೆ ಇದ್ದ 12 ಸ್ಕಾಲರ್‌ಶಿಪ್ ಅನ್ನುವ ಮಿತಿ ಹೋಯಿತು. ಅದರ ಬದಲು ತಂಡಕ್ಕೆ ಹೆಚ್ಚೆಂದರೆ ಒಟ್ಟು 18 ಜನ ಅಂತ ಆಯಿತು. 18 ಜನಕ್ಕೂ ಸ್ಕಾಲರ್‌ಶಿಪ್ ಕೊಡಬಹುದು, ಅರ್ಧ, ಕಾಲು ಅಂತ ಹಂಚಲೂಬಹುದು. ಕೊಡಲೇಬೇಕು ಅಂತೇನಿಲ್ಲ. 18 ಜನರನ್ನು ತುಂಬಲೇಬೇಕು ಅಂತಲೂ ಇಲ್ಲ.

ಮೊದಲು ಸ್ಕಾಲರ್‌ಶಿಪ್ ಇಲ್ಲದೆ ವಾಕ್-ಆನ್ ಆಗಿ ಸೇರಿ, 19ನೆಯವಳಾಗಿ ಅಭ್ಯಾಸ ಮಾಡಿ, ಮೂರನೇ ವರ್ಷಕ್ಕೆ ಅಂಗಳಕ್ಕಿಳಿದ ಹುಡುಗಿಯರಿದ್ದರು. ಈ ಕಾಲೇಜುಗಳಲ್ಲಿ ಆ ಬಾಗಿಲು ಮುಚ್ಚಿದೆ. ನನಗೆ ಹೊಟ್ಟೆ ಉರಿಯುವುದು ಅಲ್ಲೇ.

ಇತ್ತೀಚೆಗೆ ಒಬ್ಬ ಅಪ್ಪ ತಂಡದ ಪಟ್ಟಿ ಪ್ರಿಂಟ್ ಮಾಡಿಕೊಂಡು ಬಂದಿದ್ದರು. ಮಗಳು ಸೆಟ್ಟರ್, ಕೈ ತುಂಬಾ ಚೆನ್ನಾಗಿದೆ. "ಈಗ 17 ಜನ ಇದ್ದಾರೆ ಸಾರ್. ನಾಲ್ಕು ಜನ ಸೀನಿಯರ್ಸ್. ಉಳಿದವರು 13. ಅಂದ್ರೆ ಐದು ಜಾಗ ಖಾಲಿ, ಅಲ್ವಾ?" ಅಂದರು. ಅದೇ ಹಾಳೆಯ ಹಿಂದೆ ನಾವು ಬರೆಯುತ್ತಾ ಹೋದೆವು. ಸಾಮಾನ್ಯವಾಗಿ ಒಬ್ಬ ಕೋಚ್ ಮೂವರು ಸೆಟ್ಟರ್, ಬಲೆಯ ನಡುವೆ ಆಡುವ ನಾಲ್ವರು ಮಿಡ್ಲ್, ಎರಡೂ ತುದಿಗಳಿಗೆ ಸೇರಿ ಆರು ಹಿಟ್ಟರ್, ಹಿಂದಿನ ಸಾಲಿಗೆ ಐದು ಜನ ಇಟ್ಟರೆ 18 ಮುಗಿಯಿತು. ಓದು ಮುಗಿಸಿ ಹೋಗುವ ಆ ನಾಲ್ವರು ಸೀನಿಯರ್ಸ್ ಯಾರು? ಇಬ್ಬರು ಮಿಡ್ಲ್, ಒಬ್ಬಳು ಹಿಟ್ಟರ್, ಒಬ್ಬಳು ಲಿಬೆರೊ. ಸೆಟ್ಟರ್ ಒಬ್ಬಳೂ ಇಲ್ಲ! ಇದ್ದ ಇಬ್ಬರು ಸೆಟ್ಟರ್‌ಗಳಲ್ಲಿ ಒಬ್ಬಳು ಮೊದಲ ವರ್ಷ, ಇನ್ನೊಬ್ಬಳು ಎರಡನೇ ವರ್ಷ. ಮೂರನೆಯವಳಾಗಿ ಬರುವ ಹುಡುಗಿ ಕೋಚ್‌ಗೆ ಆಗಲೇ ಮಾತು ಕೊಟ್ಟಾಗಿತ್ತು. ಐದು ಜಾಗ ಇದ್ದರೂ ಇವರ ಮಗಳಿಗೆ ಒಂದೂ ಇರಲಿಲ್ಲ. ಆ ಮನುಷ್ಯ ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಪಂಕ್ತಿಯಲ್ಲಿ ಎಲೆ ಖಾಲಿ ಕಂಡರೂ ಅದು ಯಾರದೋ ಹೆಸರಿಗೆ ಹಾಕಿದ ಎಲೆ ಆಗಿರುತ್ತದೆ.

ಇದರ ಮೇಲೆ ಕಾಲೇಜು ಬದಲಿಸಬಯಸುವ ಆಟಗಾರರು ಹೆಸರು ಹಾಕುವ ಟ್ರಾನ್ಸ್‌ಫರ್ ಪೋರ್ಟಲ್ ಬೇರೆ. ಕೋಚ್‌ಗೆ ಜಾಗ ಎಣಿಸಿದಷ್ಟೇ ಇರುವಾಗ 18 ವರ್ಷದ ಹುಡುಗಿಯನ್ನು ಬೆಳೆಸುವುದಕ್ಕಿಂತ 21 ವರ್ಷದ ಅನುಭವಿಯನ್ನು ತರುವುದು ಸುಲಭ. ಹಾಗಾಗಿ ಒಂದೆರಡು ಜಾಗ ಪೋರ್ಟಲ್‌ಗೆ ಅಂತಲೇ ಬಿಟ್ಟುಬಿಡಿ. ರೆಡ್‌ಶರ್ಟ್ ಆದವಳೂ, ಅಂದರೆ ಆಟದ ಒಂದು ವರ್ಷ ಉಳಿಸಿಕೊಳ್ಳಲು ಆ ವರ್ಷ ಪಂದ್ಯದಿಂದ ಹೊರಗಿರುವವಳೂ, 18ರ ಒಳಗೇ.

ಇನ್ನು, ಯಾವುದೋ ಪಟ್ಟಿಯಲ್ಲಿ 19, 20 ಹೆಸರು ಕಂಡರೆ ಗಾಬರಿ ಬೇಡ. ಹೊಸ ಮಿತಿಯಿಂದ ಜಾಗ ಕಳೆದುಕೊಂಡ, ಕಳೆದುಕೊಳ್ಳಲಿದ್ದ ಹುಡುಗಿಯರಿಗೆ ನ್ಯಾಯಾಧೀಶೆ ಪಟ್ಟು ಹಿಡಿದು ವಿನಾಯಿತಿ ಕೊಡಿಸಿದರು. ಅವರು ಲೆಕ್ಕದ ಹೊರಗೆ. ಅವರ ಆಟದ ವರ್ಷಗಳು ಮುಗಿದಂತೆ ಆ ವಿನಾಯಿತಿಯೂ ಮುಗಿಯುತ್ತದೆ.

ಸಮಯ ಆಯ್ತು ಅಂತ ಚೀಟಿ ಬಂದಿದೆ. ಹುಡುಗರ ವಾಲಿಬಾಲ್ ಬಗ್ಗೆ ಒಂದೇ ಮಾತು: ಅಲ್ಲೂ ಮಿತಿ 18. ಮೊದಲು ಅವರಿಗೆ ಇದ್ದದ್ದು ನಾಲ್ಕೂವರೆ ಸ್ಕಾಲರ್‌ಶಿಪ್ ಮಾತ್ರ. ಡಿವಿಜನ್ ಎರಡು, ಮೂರಕ್ಕೆ ಈ 18ರ ಮಿತಿ ಇಲ್ಲ, ಅವನ್ನು ಸುಮ್ನೆ ತಳ್ಳಿಹಾಕಬೇಡಿ.

ಮಗಳ ಹತ್ತನೇ ತರಗತಿ ಮುಗಿದು ಜೂನ್ 15 ಬಂದರೆ ಕೋಚ್‌ಗಳು ಫೋನ್ ಮಾಡಬಹುದು. ಅವತ್ತು "ತಂಡದಲ್ಲಿ ಜಾಗ ಇದೆಯಾ" ಅಂತ ಕೇಳಬೇಡಿ. "ಇವಳು ಬರುವ ವರ್ಷ ಇವಳ ಸ್ಥಾನದಲ್ಲಿ ಎಷ್ಟು ಜನ ಇರುತ್ತಾರೆ, ಯಾವ ಯಾವ ವರ್ಷದವರು" ಅಂತ ಕೇಳಿ. ಉತ್ತರವನ್ನು ಬರೆದಿಟ್ಟುಕೊಳ್ಳಿ. ಪಟ್ಟಿ ತಂದಿರುವವರು ಊಟದ ಹೊತ್ತಿಗೆ ಬನ್ನಿ, ಕೂತು ಲೆಕ್ಕ ಹಾಕೋಣ.