ಮುಟ್ಟು ನಿಲ್ಲುವ ಕಾಲದಲ್ಲಿ ಮನೆಯವರು

ಎಲ್ಲರಿಗೂ ನಮಸ್ಕಾರ. ಇವತ್ತು ಮುಟ್ಟು ನಿಲ್ಲುವ ವಯಸ್ಸಿನ ಬಗ್ಗೆ ಮಾತಾಡುತ್ತೇನೆ. ಮನೆಯಲ್ಲಿ ಗಂಡಸರಿದ್ದರೆ ಅವರೂ ರೇಡಿಯೊ ಹತ್ತಿರ ಬಂದು ಕೂರಲಿ. ಅವರಿಗೂ ಇದು ಗೊತ್ತಿರಬೇಕು.

ಈ ವಯಸ್ಸಿನಲ್ಲಿ ಒಮ್ಮೆಲೇ ಮೈ ಬಿಸಿಯಾಗಿ ಬೆವರುವ ತೊಂದರೆ ನಮ್ಮ ಕರಾವಳಿಯಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಕಾರವಾರ, ಅಂಕೋಲಾ, ಕುಮಟಾ ಕಡೆ ಬೇಸಿಗೆಯಲ್ಲಿ ಬೆವರದವರು ಯಾರು? ಮೀನುಪೇಟೆಯಲ್ಲಿ ಬುಟ್ಟಿ ಮುಂದಿಟ್ಟುಕೊಂಡು ಕೂತವಳ ಮುಖ ಒಮ್ಮೆಲೇ ಕೆಂಪಾಗಿ, ಕುತ್ತಿಗೆಯಿಂದ ಬೆವರು ಇಳಿದರೆ, ಪಕ್ಕದವಳು "ಎಂಥಾ ಸೆಕೆ ಮಾರಾಯ್ತಿ" ಅನ್ನುತ್ತಾಳೆ. ಅಲ್ಲಿಗೆ ಮಾತು ಮುಗಿಯಿತು. ಘಟ್ಟದ ಮೇಲೆ ಶಿರಸಿ ಕಡೆ ಹಾಗಲ್ಲ. ಡಿಸೆಂಬರ್ ಚಳಿಯಲ್ಲಿ ರಾತ್ರಿ ಅಡಿಕೆ ಸುಲಿಯಲು ಕೂತಿರುತ್ತಾರೆ. ಎಲ್ಲರೂ ಸ್ವೆಟರ್ ಹಾಕಿ ಮೇಲೊಂದು ಶಾಲು ಹೊದ್ದಿರುವಾಗ ಒಬ್ಬಳು ಮಾತ್ರ ಮೆಟ್ಟುಗತ್ತಿ ಬಿಟ್ಟೆದ್ದು, ಶಾಲು ಕಿತ್ತುಹಾಕಿ, ಅಂಗಳಕ್ಕೆ ಹೋಗಿ ನಿಲ್ಲುತ್ತಾಳೆ. ಎದೆಯಿಂದ ಮುಖದವರೆಗೆ ಬಿಸಿ ಏರುತ್ತದೆ. ಎದೆ ಡವಡವ ಅನ್ನುತ್ತದೆ. ಕೆಲವು ನಿಮಿಷ ಮೈಯೆಲ್ಲ ಬೆವರು, ಆಮೇಲೆ ಚಳಿ. ಬಂದು ಕೂತ ಮೇಲೆ ಯಾರಾದರೂ ಕೇಳಿದರೆ "ಏನಿಲ್ಲ, ಸುಮ್ನೆ" ಅನ್ನುತ್ತಾಳೆ.

ಸುಮ್ನೆ ಅಲ್ಲ. ಈ ವಯಸ್ಸಿನಲ್ಲಿ ಅಂಡಾಶಯದಿಂದ ಬರುವ ಈಸ್ಟ್ರೋಜನ್ ಎಂಬ ಹಾರ್ಮೋನು ಕಮ್ಮಿಯಾಗುತ್ತದೆ. ಆಗ ಮೆದುಳಿನಲ್ಲಿ ಮೈಯ ಬಿಸಿ ನೋಡಿಕೊಳ್ಳುವ ಭಾಗ ಸಣ್ಣ ಏರಿಳಿತಕ್ಕೂ ಗಾಬರಿಬಿದ್ದು ಬೆವರು ಹರಿಸುತ್ತದೆ. ಪೂರ್ತಿ 12 ತಿಂಗಳು ಮುಟ್ಟಾಗದಿದ್ದರೆ ಮುಟ್ಟು ನಿಂತಿದೆ ಎಂದು ಲೆಕ್ಕ. ಹೆಚ್ಚಿನವರಿಗೆ 45ರಿಂದ 55ರ ಒಳಗೆ ನಿಲ್ಲುತ್ತದೆ. ನಮ್ಮ ದೇಶದಲ್ಲಿ ಸುಮಾರು 46, 47ಕ್ಕೇ. ಆದರೆ ತೊಂದರೆ ಅದಕ್ಕೂ ಕೆಲವು ವರ್ಷ ಮೊದಲೇ ಶುರುವಾಗುತ್ತದೆ. 40 ದಾಟುವ ಮೊದಲೇ ನಿಂತರೆ ಡಾಕ್ಟರಿಗೆ ತೋರಿಸಲೇಬೇಕು.

ಇದೇ ಬೆವರು ರಾತ್ರಿ ಎರಡೆರಡು ಸಲ ಎಬ್ಬಿಸಿದರೆ ನಿದ್ದೆ ಎಲ್ಲಿಂದ ಬರಬೇಕು? ಬೆಳಿಗ್ಗೆ ಐದಕ್ಕೆ ಮತ್ತೆ ಒಲೆ ಮುಂದೆ ನಿಲ್ಲಬೇಕು. ಮರೆವು, ಗಂಟುನೋವು, ಕಾರಣವಿಲ್ಲದೆ ಅಳು. "ಅಮ್ಮನಿಗೆ ಈಚೆಗೆ ಸಿಟ್ಟು ಜಾಸ್ತಿ" ಅಂತ ಮಕ್ಕಳು ದೂರುತ್ತಾರೆ. ಮಕ್ಕಳೇ, ಅವಳು ವಾರಗಟ್ಟಲೆ ಸರಿಯಾಗಿ ಮಲಗಿಲ್ಲ. ಬೆಳಗಿನ ಚಾ, ತಿಂಡಿ ನೀವು ಮಾಡಿ, ಅವಳು ಇನ್ನೊಂದು ತಾಸು ಮಲಗಲಿ. ಫ್ಯಾನಿನ ಕೆಳಗಿನ ಜಾಗ ಅವಳಿಗೆ ಬಿಡಿ. ಗಂಡಂದಿರಿಗೆ ಇನ್ನೊಂದು ಮಾತು. ಕೂಡುವಾಗ ಅವಳಿಗೆ ಉರಿ, ನೋವು ಆಗುತ್ತಿರಬಹುದು. ಒಳಗಿನ ತೇವ ಕಮ್ಮಿಯಾಗಿರುತ್ತದೆ. ಅದಕ್ಕೆ ಮುಲಾಮು ಇದೆ. ಪ್ರೀತಿ ಕಮ್ಮಿಯಾಯಿತು ಎಂದು ಮುನಿಸಿಕೊಳ್ಳಬೇಡಿ.

ಬಿಸಿ ಏರುವುದು ತಡೆಯಲಾಗದಷ್ಟಿದ್ದರೆ ಹಾರ್ಮೋನು ಚಿಕಿತ್ಸೆಯೂ ಇದೆ. ಎಲ್ಲರಿಗೂ ಅದು ಹೊಂದುವುದಿಲ್ಲ. ಸ್ತನ ಕ್ಯಾನ್ಸರ್ ಆಗಿದ್ದವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ, ಅವರಿಗೆ ಬೇರೆ ಮಾತ್ರೆಗಳಿವೆ. ಡಾಕ್ಟರೇ ನೋಡಿ ಹೇಳಬೇಕು. ಪಕ್ಕದ ಮನೆಯವರ ಚೀಟಿ ತೋರಿಸಿ ಅಂಗಡಿಯಿಂದ ಮಾತ್ರೆ ತರಬೇಡಿ.

ಮುಟ್ಟು ನಿಂತ ಮೇಲಿನ ಮೊದಲ ಕೆಲವು ವರ್ಷ ಮೂಳೆ ಬೇಗ ಸವೆಯುತ್ತದೆ. ರಾಗಿ ಅಂಬಲಿ, ಎಳ್ಳು, ಮಜ್ಜಿಗೆ, ಮುಳ್ಳಿನ ಸಮೇತ ತಿನ್ನುವ ಸಣ್ಣ ಮೀನು, ಇವೆಲ್ಲ ನಮ್ಮಲ್ಲಿ ಇರುವುದೇ. ಆದರೆ ಎಲ್ಲರಿಗೂ ಬಡಿಸಿ ಉಳಿದದ್ದನ್ನು ತಿನ್ನುವವಳ ತಟ್ಟೆಗೆ ಇವು ಬೀಳಬೇಕಲ್ವಾ?

ಈಗ ಹೇಳುವುದನ್ನು ದಯವಿಟ್ಟು ನೆನಪಿಡಿ. ವರ್ಷದಿಂದ ನಿಂತಿದ್ದ ಮುಟ್ಟು ಮತ್ತೆ ಕಂಡರೆ, ಒಂದೇ ಒಂದು ಕಲೆಯಾದರೂ, ಅದು ಮುಟ್ಟಲ್ಲ. ಆ ವಾರವೇ ಡಾಕ್ಟರ ಹತ್ತಿರ ಹೋಗಿ. ಹೆಚ್ಚಿನ ಸಲ ಸಣ್ಣ ಕಾರಣವೇ ಇರುತ್ತದೆ. ಆದರೆ ಗರ್ಭಕೋಶದ ಕ್ಯಾನ್ಸರಿನ ಮೊದಲ ಗುರುತೂ ಇದೇ. ಬೇಗ ಸಿಕ್ಕರೆ ಗುಣವಾಗುತ್ತದೆ. ಮುಟ್ಟು ನಿಲ್ಲುವ ಮೊದಲು ತುಂಬಾ ರಕ್ತ ಹೋಗುತ್ತಿದ್ದರೂ ಸಹಿಸಿಕೊಂಡು ಕೂರಬೇಡಿ. ಏದುಸಿರು, ಸುಸ್ತು ಅಂತಿದ್ದರೆ ಹಿಮೋಗ್ಲೋಬಿನ್ ನೋಡಿಸಿ.

ಗರ್ಭಕೋಶ ತೆಗೆಸಿಬಿಡಿ ಎಂದು ಯಾರಾದರೂ ಹೇಳಿದ ಕೂಡಲೇ ಒಪ್ಪಿಕೊಳ್ಳಬೇಡಿ. ಯಾಕೆ, ಔಷಧಿಯಲ್ಲಿ ಆಗುವುದಿಲ್ಲವೇ, ಅಂಡಾಶಯವನ್ನೂ ತೆಗೆಯುತ್ತೀರಾ, ಈ ಮೂರನ್ನು ಕೇಳಿ. ಎರಡೂ ಅಂಡಾಶಯ ತೆಗೆದರೆ ಈಸ್ಟ್ರೋಜನ್ ಒಮ್ಮೆಲೇ ಕುಸಿಯುತ್ತದೆ, ತೊಂದರೆಗಳೂ ಜೋರಾಗಿಯೇ ಬರುತ್ತವೆ. ಇನ್ನೊಬ್ಬ ಡಾಕ್ಟರನ್ನು ಕೇಳುವುದರಲ್ಲಿ ತಪ್ಪಿಲ್ಲ.

ಹೋಗುವಾಗ ಒಬ್ಬರೇ ಹೋಗಬೇಡಿ. ಗಂಡನೋ ಮಗಳೋ ಸೊಸೆಯೋ ಜೊತೆಗಿರಲಿ. ಮನೆಯ ಕ್ಯಾಲೆಂಡರಿನಲ್ಲಿ ಮುಟ್ಟಾದ ದಿನಗಳಿಗೆ ಗುರುತು ಹಾಕುತ್ತಾ ಬನ್ನಿ. ಕೊನೆಯ ಸಲ ಯಾವಾಗ, ದಿನಕ್ಕೆ ಎಷ್ಟು ಪ್ಯಾಡ್ ಬೇಕಾಗುತ್ತಿತ್ತು, ಬಿಪಿಗೋ ಸಕ್ಕರೆಗೋ ಯಾವ ಮಾತ್ರೆ ತಗೊಳ್ಳುತ್ತಿದ್ದೀರಿ, ಎಲ್ಲ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಬಾಯಿಬಿಟ್ಟು ಹೇಳಲು ನಾಚಿಕೆಯಾಗುವುದನ್ನೂ ಅದರಲ್ಲೇ ಬರೆದು, ಚೀಟಿಯನ್ನೇ ಡಾಕ್ಟರ ಕೈಗೆ ಕೊಡಿ. ನಮಸ್ಕಾರ.